ಖಾಸಗಿ ಶುಶ್ರೂಷೆ ಬೇಕಾದ ಮಗು: ಅಧ್ಯಾಪಕರು ಅರಿತಿರಬೇಕಾದ ಎಲ್ಲೆಗಳು

ಮೂತ್ರಕೋಶದ ಮೇಲೆ ಹತೋಟಿಯಿಲ್ಲದ ಮಗು, ಅಪಸ್ಮಾರಕ್ಕೆ ಔಷಧಿ ಸೇವಿಸುತ್ತಿರುವ ಮಗು, ಡೈಪರ್ ಧರಿಸಿಯೇ ನಾಲ್ಕನೆಯ ತರಗತಿಗೆ ಬರುವ ಮಗು, ಇಂತಹವರು ಕನ್ನಡ ಮಾಧ್ಯಮ ಶಾಲೆಗಳಿರುವ ಊರುಗಳಿಗೆ ಹೊಸಬರಲ್ಲ. ಅವರು ಶಾಲೆಯೊಳಗೆ ಬಂದು ಬೆಂಚಿನ ಮೇಲೆ ಕುಳಿತುಕೊಂಡದ್ದು ಮಾತ್ರ ಇತ್ತೀಚಿನ ಸಂಗತಿ. 2009ರ ಶಿಕ್ಷಣ ಹಕ್ಕು ಅಧಿನಿಯಮವೂ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೂ ಆ ಬೆಂಚಿನ ಮೇಲೆ ಅವರಿಗೆ ಹಕ್ಕನ್ನು ಕೊಟ್ಟಿವೆ. ಆದರೆ ಹನ್ನೊಂದು ಗಂಟೆಯ ಬಿಡುವಿನಲ್ಲಿ ಆ ಮಗುವಿನ ಡೈಪರನ್ನು ಯಾರು ಬದಲಿಸಬೇಕು, ಎಲ್ಲಿ ಬದಲಿಸಬೇಕು, ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ, ಮಗು ಬೇಡವೆಂದರೆ ಏನು ಮಾಡಬೇಕು ಎಂಬುದನ್ನು ಕಾನೂನಿನ ಪುಸ್ತಕ ಹೇಳುವುದಿಲ್ಲ. ಅದನ್ನು ಶಾಲೆಯೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಕಾಸರಗೋಡು ಜಿಲ್ಲೆಯ ಅಧ್ಯಾಪಕರಿಗೆ ಈ ಪ್ರಶ್ನೆ ದೂರದ್ದಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಬಳಕೆಯನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಸಂತ್ರಸ್ತರ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ವಾದ ಇನ್ನೂ ಮುಗಿದಿಲ್ಲ. ಪಟ್ಟಿಯಲ್ಲಿ ಹೆಸರಿರಲಿ ಇಲ್ಲದಿರಲಿ, ಮಗುವಿನ ಬಟ್ಟೆ ಒದ್ದೆಯಾದಾಗ ಅದನ್ನು ಬದಲಿಸಲೇಬೇಕು. ಬಡ್ಸ್ ಶಾಲೆಗಳಲ್ಲಿ ಇದು ದಿನನಿತ್ಯದ ಕೆಲಸ. ಸಾಮಾನ್ಯ ಶಾಲೆಗಳಲ್ಲಿ, ಗೃಹಾಧಾರಿತ ಶಿಕ್ಷಣಕ್ಕೆಂದು ರಿಸೋರ್ಸ್ ಅಧ್ಯಾಪಕರು ಭೇಟಿ ನೀಡುವ ಮನೆಗಳಲ್ಲಿ, ತಾಯಿ ಬೀಡಿ ಕಟ್ಟಲು ಅಥವಾ ಅಡಿಕೆ ಸುಲಿಯಲು ಹೋದಾಗ ಮಗುವನ್ನು ಬಿಟ್ಟುಹೋಗುವ ನೆರೆಮನೆಗಳಲ್ಲಿ, ಈ ಕೆಲಸಕ್ಕೆ ಯಾವ ಕಟ್ಟುಪಾಡೂ ಇಲ್ಲದಿರುವುದೇ ಹೆಚ್ಚು.

ಕಟ್ಟುಪಾಡು ಇಲ್ಲದ ಕಡೆ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಒಂದು, ಒಳ್ಳೆಯ ಮನಸ್ಸಿನ ಅಧ್ಯಾಪಿಕೆಯೊಬ್ಬರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಎಲ್ಲವನ್ನೂ ತಾವೇ ಮಾಡಿಬಿಡುವುದು. ಅವರು ರಜೆಯಲ್ಲಿದ್ದ ದಿನ ಮಗು ಅನಾಥ. ಎಂದಾದರೊಂದು ದಿನ ಯಾರಾದರೂ ಅನುಮಾನದ ಮಾತನ್ನಾಡಿದರೆ ಅಧ್ಯಾಪಿಕೆಯೂ ಅನಾಥೆ. ಇನ್ನೊಂದು, ಶಾಲೆ ಕೈತೊಳೆದುಕೊಳ್ಳುವುದು. ತಾಯಿ ಬಂದು ಮಾಡಲಿ ಎನ್ನುತ್ತಾರೆ. ತಾಯಿ ಹಗಲೆಲ್ಲ ಶಾಲೆಯ ಜಗಲಿಯಲ್ಲಿ ಕುಳಿತು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ಇಲ್ಲವೇ ಶಾಲೆಯಲ್ಲಿ ಮೂತ್ರ ಬರಬಾರದೆಂದು ಬೆಳಗ್ಗೆ ಮಗುವಿಗೆ ನೀರು ಕೊಡುವುದನ್ನೇ ನಿಲ್ಲಿಸುತ್ತಾಳೆ. ಈ ಎರಡನೆಯದು ಸದ್ದಿಲ್ಲದೆ ನಡೆಯುವ ಅಪಾಯ. ನೀರು ಕಡಿಮೆಯಾದರೆ ಮೂತ್ರಕೋಶದ ಸೋಂಕು, ಮಲಬದ್ಧತೆ ಎರಡೂ ಹೆಚ್ಚುತ್ತವೆ. ಬೆನ್ನುಹುರಿಯ ತೊಂದರೆಯಿರುವ ಮಕ್ಕಳಲ್ಲಿ ಪದೇ ಪದೇ ಬರುವ ಸೋಂಕು ಮೂತ್ರಪಿಂಡವನ್ನೇ ಕೆಡಿಸಬಹುದು. ಬಾಟಲಿಯ ನೀರನ್ನು ಮುಟ್ಟದೆ ಮನೆಗೆ ಹಿಂದಿರುಗಿಸುವ ಮಗುವನ್ನು ಅಧ್ಯಾಪಕರು ಗಮನಿಸಬೇಕಾದುದು ಇದಕ್ಕಾಗಿ.

ಎಲ್ಲೆಯೆಂದರೆ ನಿರಾಕರಣೆಯಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಯಾವ ಶುಶ್ರೂಷೆಯನ್ನು ಶಾಲೆ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ, ಮಾಡುವುದನ್ನು ಹೇಗೆ ಮಾಡುತ್ತದೆ ಎಂದು ಮುಂಚಿತವಾಗಿ ಹೇಳಿಬಿಡುವುದೇ ಎಲ್ಲೆ.

ಈ ಕೆಲಸ ಶಾಲೆಯ ವೇಳೆಯಲ್ಲೇ ಆಗಬೇಕೇ?

ಹೆಚ್ಚಿನ ಗೊಂದಲಗಳು ಈ ಒಂದು ಪ್ರಶ್ನೆಯಲ್ಲೇ ಕರಗುತ್ತವೆ. ದಿನಕ್ಕೆ ಎರಡು ಸಲ ಹಚ್ಚಬೇಕಾದ ಮುಲಾಮನ್ನು ಬೆಳಗ್ಗೆ ಮನೆಯಲ್ಲಿ, ಸಂಜೆ ಮನೆಯಲ್ಲಿ ಹಚ್ಚಬಹುದು. ಶಾಲೆ ಅದಕ್ಕೆ ಕೈಹಾಕುವ ಅಗತ್ಯವೇ ಇಲ್ಲ. ಮಲಬದ್ಧತೆಗೆ ಗುದದ್ವಾರದಲ್ಲಿ ಇಡುವ ಗುಳಿಗೆಯೂ ಹಾಗೆಯೇ. ಇನ್ಸುಲಿನ್ ಚುಚ್ಚುಮದ್ದನ್ನು ಹೊಟ್ಟೆಗೋ ತೊಡೆಗೋ ಕೊಡಬೇಕಾಗಿಲ್ಲ. ವೈದ್ಯರು ಒಪ್ಪಿದರೆ ಮಧ್ಯಾಹ್ನದ ಪ್ರಮಾಣವನ್ನು ತೋಳಿನ ಮೇಲ್ಭಾಗಕ್ಕೆ ಕೊಡಬಹುದು, ಬಟ್ಟೆ ಸರಿಸುವ ಪ್ರಮೇಯವೇ ಬರುವುದಿಲ್ಲ. ತೊಡೆಸಂದಿನ ಕೆಂಪು ಗುಳ್ಳೆಗಳನ್ನು ನೋಡಿ ಅದು ಏನೆಂದು ತೀರ್ಮಾನಿಸುವುದು ಅಧ್ಯಾಪಕರ ಕೆಲಸವಲ್ಲ. ಮಗು ಕೆರೆದುಕೊಳ್ಳುತ್ತಿದೆ ಎಂದು ತಾಯಿಗೆ ತಿಳಿಸಿದರೆ ಸಾಕು.

ಅಪಸ್ಮಾರದ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಸೆಳವು ಐದು ನಿಮಿಷ ದಾಟಿದರೆ ಕೊಡಬೇಕೆಂದು ವೈದ್ಯರು ಔಷಧಿಯೊಂದನ್ನು ಬರೆದುಕೊಡುವುದುಂಟು. ಬಹುಕಾಲ ಅದು ಗುದದ್ವಾರದ ಮೂಲಕ ಕೊಡುವ ಡಯಾಜೆಪಾಮ್ ಆಗಿತ್ತು. ಕಂಪಿಸುತ್ತಿರುವ ಮಗುವಿನ ಬಟ್ಟೆಯನ್ನು ತರಗತಿಯ ನಡುವೆ ಕಳಚುವುದು ಯಾರಿಗಾದರೂ ಕಷ್ಟದ ಕೆಲಸ. ಆ ಅಳುಕಿನಲ್ಲೇ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಈಗ ಮೂಗಿನಲ್ಲಿ ಸಿಂಪಡಿಸುವ ಮಿಡಜೋಲಾಮ್ ದೊರೆಯುತ್ತದೆ. ಮಗುವಿಗೆ ಅದು ಹೊಂದುತ್ತದೆಯೇ ಎಂದು ನಿರ್ಧರಿಸುವವರು ವೈದ್ಯರೇ ಆದರೂ ಹೀಗೊಂದು ದಾರಿಯಿದೆ ಎಂದು ಪೋಷಕರಿಗೆ ತಿಳಿಸಿ, ಮುಂದಿನ ಭೇಟಿಯಲ್ಲಿ ಕೇಳುವಂತೆ ಹೇಳುವುದು ಅಧ್ಯಾಪಕರಿಗೆ ಸಾಧ್ಯ. ಖಾಸಗಿ ಅಂಗವನ್ನು ಮುಟ್ಟದೆಯೇ ಆಗುವ ಚಿಕಿತ್ಸೆ ಇದ್ದಾಗ ಶಾಲೆಯ ವೇಳೆಗೆ ಅದನ್ನೇ ಕೇಳಿ ಪಡೆಯಬೇಕು. ಔಷಧಿ ಯಾವುದೇ ಇರಲಿ, ಸೆಳವು ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಕೈಗೆ ಕಬ್ಬಿಣ ಕೊಡುವ ಹಳೆಯ ರೂಢಿಯನ್ನು ಬಿಡುವುದು, ಗಡಿಯಾರ ನೋಡುವುದು ಎಲ್ಲರೂ ಕಲಿತಿರಬೇಕಾದ ಕ್ರಮ. ಸೆಳವಿನ ವೇಳೆ ಮೂತ್ರ ಹೋಗಿಬಿಡುವುದು ಸಾಮಾನ್ಯ. ಸುತ್ತ ನೆರೆದ ಮಕ್ಕಳನ್ನು ಹೊರಗೆ ಕಳುಹಿಸುವುದಕ್ಕೂ ಮೊದಲು ಒಂದು ಶಾಲನ್ನು ಮಗುವಿನ ಸೊಂಟದ ಮೇಲೆ ಹೊದಿಸಿಬಿಟ್ಟರೆ ಎಚ್ಚರಗೊಂಡ ಮಗು ಮರುದಿನ ಶಾಲೆಗೆ ಬರಲು ಹಿಂಜರಿಯುವುದಿಲ್ಲ.

ಮಗು ತಾನೇ ಎಷ್ಟು ಮಾಡಿಕೊಳ್ಳಬಲ್ಲುದು?

ಸ್ಪೈನಾ ಬೈಫಿಡಾ ಇರುವ ಏಳು ವರ್ಷದ ಬಾಲಕನೊಬ್ಬ ಎರಡನೆಯ ತರಗತಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಬಹುದು. ಮೂತ್ರಕೋಶ ತಾನಾಗಿ ಖಾಲಿಯಾಗದ ಕಾರಣ ಮೂರು-ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯನ್ನು ಮೂತ್ರನಾಳದೊಳಗೆ ಹಾಯಿಸಿ ಮೂತ್ರವನ್ನು ಹೊರತೆಗೆಯಬೇಕು. ಕೊಳವೆಯನ್ನು ಆಮೇಲೆ ಹೊರಗೆಳೆಯಲಾಗುತ್ತದೆ. ಹತ್ತರಿಂದ ನಾಲ್ಕರವರೆಗಿನ ಶಾಲಾ ದಿನದಲ್ಲಿ ಇದು ಒಂದೋ ಎರಡೋ ಸಲ ಬರುತ್ತದೆ. ಆಸ್ಪತ್ರೆಯ ಶಸ್ತ್ರಕ್ರಿಯಾ ಕೊಠಡಿಯಂತಹ ನಿರ್ಜಂತುಕ ವ್ಯವಸ್ಥೆ ಇದಕ್ಕೆ ಬೇಕಾಗಿಲ್ಲ, ಸ್ವಚ್ಛವಾದ ಕೈ ಮತ್ತು ಸ್ವಚ್ಛವಾದ ಕೊಳವೆ ಇದ್ದರೆ ಸಾಕು ಎಂಬುದನ್ನು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಿಸ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದರು. ಮನೆಯಲ್ಲಿ, ಶಾಲೆಯಲ್ಲಿ ಈ ಕೆಲಸ ಸಾಧ್ಯವಾದುದು ಅಲ್ಲಿಂದೀಚೆಗೆ.

ಕೈಬೆರಳುಗಳ ಚಲನೆ ಸರಿಯಿರುವ, ಕ್ರಮವನ್ನು ನೆನಪಿಟ್ಟುಕೊಳ್ಳಬಲ್ಲ ಮಕ್ಕಳಲ್ಲಿ ಅನೇಕರು ಒಂದನೆಯ ಎರಡನೆಯ ತರಗತಿಯ ವಯಸ್ಸಿಗೇ ಇದನ್ನು ಸ್ವತಃ ಮಾಡಿಕೊಳ್ಳಲು ಕಲಿಯುತ್ತಾರೆ. ಹೆಣ್ಣುಮಕ್ಕಳಿಗೆ ಆರಂಭದಲ್ಲಿ ಒಂದು ಸಣ್ಣ ಕನ್ನಡಿ ನೆರವಾಗುತ್ತದೆ. ಕಲಿಸುವವರು ಆಸ್ಪತ್ರೆಯ ದಾದಿ ಮತ್ತು ತಾಯಿ, ಅಧ್ಯಾಪಕರಲ್ಲ. ಶಾಲೆಯ ಪಾಲಿಗೆ ಬರುವುದು ಬೇರೆ ಕೆಲಸ, ಅದೂ ಸಣ್ಣದಲ್ಲ. ಕುಳಿತರೆ ಕಾಲು ನೆಲಕ್ಕೆ ತಾಗುವ ಎತ್ತರದ ಪೀಠ, ನಲ್ಲಿಯಲ್ಲಿ ನೀರು, ಸಾಬೂನು, ಚೀಲವನ್ನು ತೂಗುಹಾಕಲು ಒಂದು ಮೊಳೆ, ಬೆಳಕು, ಒಳಗಿನಿಂದ ಹಾಕಿ ಆಪತ್ತಿನಲ್ಲಿ ಹೊರಗಿನಿಂದ ತೆರೆಯಬಹುದಾದ ಚಿಲಕ, ಗಂಟೆಯಾಯಿತೆಂದು ಸದ್ದಿಲ್ಲದೆ ನೆನಪಿಸುವ ಒಂದು ಸಂಜ್ಞೆ. ಬಾಲಕ ಒಳಗೆ ಹೋಗುತ್ತಾನೆ, ಸಹಾಯಕಿ ಹೊರಗೆ ನಿಂತಿರುತ್ತಾಳೆ. ಕೊಳವೆ ಒಳಹೋಗಲು ತಡೆಯಾದರೆ ಒತ್ತಿ ತಳ್ಳಬಾರದು. ರಕ್ತ ಕಂಡರೆ ನಿಲ್ಲಿಸಿ ತಾಯಿಗೆ ಕರೆ ಮಾಡಬೇಕು. ಮೂತ್ರ ಕದಡಿ ವಾಸನೆ ಬಂದರೆ, ಜ್ವರವಿದ್ದರೆ, ಅಂದೇ ತಿಳಿಸಬೇಕು. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಲ್ಯಾಟೆಕ್ಸ್ ರಬ್ಬರಿನ ಒಗ್ಗದಿಕೆ ಹೆಚ್ಚು. ಆದ್ದರಿಂದ ಶಾಲೆಯಲ್ಲಿ ಇಡುವ ಕೈಗವಸು ಲ್ಯಾಟೆಕ್ಸ್ ರಹಿತವಾಗಿರಬೇಕು. ವಾರ್ಷಿಕೋತ್ಸವದ ಬಲೂನುಗಳೂ ಆ ಮಗುವಿಗೆ ಅಪಾಯವೇ.

ಸ್ವತಃ ಮಾಡಿಕೊಳ್ಳಲಾಗದ ಮಗುವೂ ಏನನ್ನಾದರೂ ಮಾಡಬಲ್ಲುದು. ಸೊಂಟ ಎತ್ತುವುದು, ಬಟ್ಟೆಯ ಅಂಚು ಹಿಡಿದುಕೊಳ್ಳುವುದು, ಒರೆಸುವ ಬಟ್ಟೆಯನ್ನು ಕೊಡುವುದು, ಕೊನೆಗೆ ಇಬ್ಬರಲ್ಲಿ ಯಾರು ಬದಲಿಸಬೇಕೆಂದು ಕಣ್ಣಿನಿಂದ ತೋರಿಸುವುದು. ಇಷ್ಟಾದರೂ ಮಗುವಿನದಾದರೆ ಅದರ ಮೈ ಪರರ ಕೈಯ ವಸ್ತುವಾಗುವುದಿಲ್ಲ.

ಬಾಗಿಲು, ಸಾಕ್ಷಿ, ಫೋನು

ಇಬ್ಬರು ದೊಡ್ಡವರು ಜೊತೆಯಲ್ಲೇ ಇರಬೇಕೆಂಬ ನಿಯಮವನ್ನು ಕೆಲವು ಸಂಸ್ಥೆಗಳು ಪಾಲಿಸುತ್ತವೆ. ಅಧ್ಯಾಪಕರ ರಕ್ಷಣೆಗೆ ಅದು ಒಳ್ಳೆಯದೆಂದು ಕಂಡರೂ ಮಗುವಿನ ಕಡೆಯಿಂದ ನೋಡಿದರೆ ದಿನಕ್ಕೆ ಎರಡು ಸಲ ಇಬ್ಬರ ಮುಂದೆ ಬತ್ತಲಾಗುವುದು ಸಣ್ಣ ಅವಮಾನವಲ್ಲ. ಶುಶ್ರೂಷೆ ಮಾಡುವವರು ಒಬ್ಬರೇ. ಇನ್ನೊಬ್ಬರು ಮಾತು ಕೇಳಿಸುವಷ್ಟು ದೂರದಲ್ಲಿ, ಆದರೆ ನೋಟಕ್ಕೆ ಹೊರಗೆ ಇರುವುದು ಎಂಬ ವ್ಯವಸ್ಥೆ ಹೆಚ್ಚು ಮೇಲು. ಬಾಗಿಲಿಗೆ ಚಿಲಕ ಹಾಕದೆ ಪರದೆ ಎಳೆಯಬಹುದು. ಮೇಲೆತ್ತಲು ಇಬ್ಬರು ಬೇಕಾಗುವಷ್ಟು ಬೆಳೆದ ಮಗುವಾದರೆ ಎರಡನೆಯವರು ಎತ್ತಿದ ಕೂಡಲೆ ಹೊರಬರಬಹುದು. ಹೆಣ್ಣುಮಕ್ಕಳಿಗೆ ಹೆಣ್ಣು ಸಹಾಯಕಿಯೇ ಇರಬೇಕು. ಗಂಡುಮಕ್ಕಳ ವಿಷಯದಲ್ಲಿ ಹೆಂಗಸರೇ ಆಗಬಹುದೆಂದು ಎಲ್ಲರೂ ಎಣಿಸುತ್ತಾರೆ. ಹತ್ತು ವರ್ಷ ದಾಟಿದ ಹುಡುಗನನ್ನು ಈ ಬಗ್ಗೆ ಕೇಳಿದವರು ಕಡಿಮೆ. ಕೇಳಬೇಕು.

ಫೋಟೋ ತೆಗೆಯಬಾರದು. ಗುಳ್ಳೆ ಹೇಗಿದೆ ಎಂದು ತಾಯಿಗೆ ವಾಟ್ಸಾಪಿನಲ್ಲಿ ತೋರಿಸಲಿಕ್ಕೂ ಬೇಡ, ವೈದ್ಯರು ಕೇಳಿದರೆಂದೂ ಬೇಡ. ವೈದ್ಯರಿಗೆ ಚಿತ್ರ ಬೇಕಾದರೆ ತಾಯಿ-ತಂದೆ ಮನೆಯಲ್ಲಿ ತೆಗೆದು ನೇರವಾಗಿ ಕಳುಹಿಸಲಿ. ಶುಶ್ರೂಷೆಯ ಕೋಣೆಯೊಳಗೆ ಫೋನು ಒಯ್ಯಬಾರದೆಂದು ಒಂದೇ ಮಾತಿನ ನಿಯಮ ಮಾಡಿಕೊಂಡರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಕಾಗದ ಯಾವ ಭಾಷೆಯಲ್ಲಿ?

ಈ ಜಿಲ್ಲೆಯ ಬಹುಪಾಲು ಕುಟುಂಬಗಳು ದೊಡ್ಡ ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತವೆ. ಅಲ್ಲಿಂದ ಬರುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಪಂಚಾಯತ್ ಮತ್ತು ಆರೋಗ್ಯ ಕೇಂದ್ರದ ಕಾಗದಗಳು ಬಹುತೇಕ ಮಲಯಾಳದಲ್ಲಿ. ತಾಯಿ ಓದುವುದು ಕನ್ನಡ. ಮಗುವಿನೊಡನೆ ಮಾತನಾಡುವುದು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ ಕನ್ನಡ. ನಾಲ್ಕು ಗಂಟೆಗೊಮ್ಮೆ ಎಂದು ಬರೆದುದನ್ನು ದಿನಕ್ಕೆ ನಾಲ್ಕು ಸಲ ಎಂದು ತಿಳಿದುಕೊಳ್ಳಲು ಇಷ್ಟು ಸಾಕು. ಆದ್ದರಿಂದ ಶುಶ್ರೂಷೆ ಮಾಡುವವರ ಕೈಯಲ್ಲಿರುವ ಕಾಗದ ಅವರು ಓದುವ ಭಾಷೆಯಲ್ಲೇ ಇರಬೇಕು, ಮತ್ತು ತಾಯಿಗೆ ಗಟ್ಟಿಯಾಗಿ ಓದಿಹೇಳಿದ ಬಳಿಕವೇ ಸಹಿ ಪಡೆಯಬೇಕು. ಮಾದರಿಯೊಂದು ಹೀಗಿರಬಹುದು:

«ಬೆಳಗ್ಗೆ 11 ಮತ್ತು ಮಧ್ಯಾಹ್ನ 2ಕ್ಕೆ ಡೈಪರ್ ಬದಲಿಸುವುದು. ಬದಲಿಸುವವರು ಶಾಲಾ ಸಹಾಯಕಿ. ಅವರು ಇಲ್ಲದ ದಿನ ರಿಸೋರ್ಸ್ ಅಧ್ಯಾಪಿಕೆ. ಇವರಿಬ್ಬರನ್ನು ಬಿಟ್ಟು ಬೇರೆ ಯಾರೂ ಬದಲಿಸುವುದಿಲ್ಲ. ಇಬ್ಬರೂ ಇಲ್ಲದಿದ್ದರೆ ತಾಯಿಗೆ ಫೋನು ಮಾಡಲಾಗುವುದು. ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸುವುದು. ಪುಡಿ, ಮುಲಾಮು, ಎಣ್ಣೆ ಯಾವುದನ್ನೂ ಶಾಲೆಯಲ್ಲಿ ಹಚ್ಚುವುದಿಲ್ಲ. ಗಾಯ, ರಕ್ತ, ಊತ ಕಂಡರೆ ಅದೇ ದಿನ ತಿಳಿಸಲಾಗುವುದು. ಮಗು ಎಡಗೈ ಎತ್ತಿದರೆ ನಿಲ್ಲಿಸು ಎಂದು ಅರ್ಥ. ಈ ಒಪ್ಪಂದವನ್ನು ತಾಯಿ ಯಾವಾಗ ಬೇಕಾದರೂ ಬದಲಿಸಬಹುದು.»

ಮುಲಾಮು ಹಚ್ಚುವುದಿಲ್ಲ ಎಂಬ ಸಾಲಿನಷ್ಟೇ ಮುಖ್ಯವಾದುದು ಕೊನೆಯ ಸಾಲಿಗಿಂತ ಹಿಂದಿನ ಸಾಲು. ಪ್ರತಿಯೊಂದು ಬದಲಾವಣೆಯ ಬಳಿಕ ಒಂದು ಪುಸ್ತಕದಲ್ಲಿ ದಿನಾಂಕ, ಸಮಯ, ಮಾಡಿದವರ ಸಹಿ ಇಷ್ಟನ್ನು ಬರೆದರೆ ಸಾಕು. ಆ ಪುಸ್ತಕ ಮುಖ್ಯೋಪಾಧ್ಯಾಯರ ಕೋಣೆಯಲ್ಲಿರಬೇಕು. ತರಗತಿಯ ಮೇಜಿನ ಮೇಲಲ್ಲ.

ಶರೀರದ ಹೆಸರುಗಳ ಮಾತು ಇಲ್ಲಿ ಬರುತ್ತದೆ. ಶಾಲೆಯಲ್ಲಿ ಮಕ್ಕಳು ಒಂದಕ್ಕೆ, ಎರಡಕ್ಕೆ ಎನ್ನುತ್ತಾರೆ. ಅನುಮತಿ ಕೇಳಲು ಅದು ಸಾಕು. ಎಲ್ಲಿ ಉರಿಯುತ್ತಿದೆ, ಯಾರು ಎಲ್ಲಿ ಮುಟ್ಟಿದರು ಎಂದು ಹೇಳಲು ಆ ಎರಡು ಸಂಖ್ಯೆಗಳು ಸಾಲವು. ಪಠ್ಯಪುಸ್ತಕದ ಶಿಶ್ನ, ಯೋನಿ, ಗುದ ಎಂಬ ಮಾತುಗಳನ್ನು ಅಧ್ಯಾಪಕರೇ ತಗ್ಗಿದ ದನಿಯಲ್ಲಿ ದಾಟಿಸಿಬಿಡುತ್ತಾರೆ. ಮನೆಯಲ್ಲಿ ಮಗು ಬಳಸುವ ಮಾತು ಯಾವುದೆಂದು ತಾಯಿಯನ್ನು ಕೇಳಿ ಅದನ್ನು ಒಪ್ಪಂದದ ಕಾಗದದಲ್ಲೇ ಬರೆದುಕೊಳ್ಳಬೇಕು. ಶುಶ್ರೂಷೆಗೆ ನೇಮಕಗೊಂಡ ಸಹಾಯಕಿ ಮಲಯಾಳ ಮಾತ್ರ ಬಲ್ಲವರಾಗಿದ್ದರೆ, ಬೇಡ, ನೋವು, ಸಾಕು, ಉರಿ, ಅಮ್ಮ ಬೇಕು ಎಂಬ ಐದನ್ನಾದರೂ ಮಗುವಿನ ಮಾತಿನಲ್ಲಿ ಅವರು ಕಲಿಯದೆ ಆ ಕೆಲಸಕ್ಕೆ ಇಳಿಯಬಾರದು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸುವ ಬಗ್ಗೆ ಈ ಜಿಲ್ಲೆಯಲ್ಲಿ ನಡೆದ ಚರ್ಚೆಗಳೆಲ್ಲ ಪಾಠ ಮತ್ತು ಪರೀಕ್ಷೆಯ ಸುತ್ತಲೇ ಸುತ್ತಿವೆ. ಮಾತು ತಿಳಿಯದವರ ಕೈಯಲ್ಲಿ ಬಟ್ಟೆ ಬದಲಿಸಿಕೊಳ್ಳಬೇಕಾದ ಮಗುವಿನ ಕಷ್ಟ ಅದಕ್ಕಿಂತ ಒಂದು ತೂಕ ಹೆಚ್ಚೇ ಇದ್ದೀತು.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ಪಾಠದ ಕೊರತೆ

ಚಡ್ಡಿಯೊಳಗಿನ ಭಾಗವನ್ನು ಯಾರೂ ಮುಟ್ಟಬಾರದು ಎಂದು ತರಗತಿಯಲ್ಲಿ ಕಲಿಸಲಾಗುತ್ತದೆ. ಅದೇ ತರಗತಿಯಲ್ಲಿ ಕುಳಿತ, ದಿನಕ್ಕೆರಡು ಸಲ ಪರರ ಕೈಯಲ್ಲಿ ಶುಚಿಯಾಗುವ ಮಗು ಈ ಪಾಠದಿಂದ ಏನನ್ನು ತಿಳಿದುಕೊಳ್ಳಬೇಕು? ತನಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದೇ. ದುರುಪಯೋಗ ಮಾಡುವವನಿಗೆ ಬೇಕಾದುದೂ ಇದೇ. ಚಿಕ್ಕಂದಿನಿಂದ ಅನೇಕ ದೊಡ್ಡವರ ಕೈಗೆ ಮೈಯೊಪ್ಪಿಸಿ ಅಭ್ಯಾಸವಾದ ಮಗುವಿಗೆ ತಡೆಯುವ ಸಹಜ ಚುರುಕೇ ಮಂಕಾಗಿರುತ್ತದೆ. ಅಂಗವಿಕಲ ಮಕ್ಕಳು ಹೆಚ್ಚು ಅಪಾಯದಲ್ಲಿರಲು ಇರುವ ಕಾರಣಗಳಲ್ಲಿ ಇದೂ ಒಂದು.

ಆದ್ದರಿಂದ ಮೂರನೆಯ ಬಗೆಯೊಂದನ್ನು ಎಲ್ಲ ಮಕ್ಕಳಿಗೂ ಹೇಳಿಕೊಡಬೇಕು. ಅದನ್ನು ಆರೈಕೆಯ ಸ್ಪರ್ಶ ಎನ್ನಬಹುದು. ಅದಕ್ಕೆ ಗುರುತುಗಳಿವೆ: ಮುಟ್ಟುವ ಮೊದಲು ಏಕೆಂದು ಹೇಳುತ್ತಾರೆ, ಮುಟ್ಟುವವರು ಯಾರೆಂದು ಅಮ್ಮನಿಗೆ ಗೊತ್ತಿದೆ, ಕೆಲಸ ಮುಗಿದ ಕೂಡಲೆ ನಿಲ್ಲಿಸುತ್ತಾರೆ, ಯಾರಿಗೂ ಹೇಳಬೇಡ ಎನ್ನುವುದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಹೇಳಬೇಕು. ಜಾತ್ರೆಯಲ್ಲಿ ಬಿದ್ದು ತೊಡೆಸಂದಿಗೆ ಪೆಟ್ಟಾದ ಮಗುವಿಗೂ, ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಮಲಗಿದ ಮಗುವಿಗೂ ಇದೇ ಪಾಠ ಉಪಯೋಗಕ್ಕೆ ಬರುತ್ತದೆ. ಒಂದು ಮಗುವಿಗಾಗಿ ಬದಲಿಸಿದ ಪಾಠದಿಂದ ಇಡೀ ತರಗತಿಗೆ ಲಾಭ.

ಮಗು ಬೇಡವೆಂದಾಗ ಏನು? ಮೊದಲು ಕೈ ನಿಲ್ಲಬೇಕು. ಆ ಬಳಿಕ ಯೋಚಿಸಬಹುದು. ಒದ್ದೆ ಬಟ್ಟೆಯನ್ನು ಬದಲಿಸಲೇಬೇಕು. ಆದರೆ ಐದು ನಿಮಿಷ ಕಾಯಬಹುದು, ಇನ್ನೊಬ್ಬರನ್ನು ಕರೆಯಬಹುದು, ಮಗುವೇ ಅಂಟುಪಟ್ಟಿ ಬಿಚ್ಚಲಿ ಎನ್ನಬಹುದು. ಒಂದು ವಾರದಿಂದ ಹೊಸದಾಗಿ ಬೇಡ ಎನ್ನತೊಡಗಿದ್ದರೆ ಅದು ಹಟವಲ್ಲದೆ ಸುದ್ದಿಯೂ ಆಗಿರಬಹುದು. ಮಾತೇ ಇಲ್ಲದ ಮಗುವಿನ ಮೈ ಬಿಗಿಯಾಗುವುದು, ಮುಖ ತಿರುಗಿಸುವುದು, ಒಬ್ಬರ ಕೈಯಲ್ಲಿ ಮಾತ್ರ ಅಳುವುದು, ಇವನ್ನೂ ಪುಸ್ತಕದಲ್ಲಿ ಬರೆಯಬೇಕು.

ಮನೆಯಲ್ಲಿ ಮತ್ತು ನೆರೆಮನೆಯಲ್ಲಿ

ತೀವ್ರ ವಿಕಲತೆಯಿರುವ ಮಗು ಮನೆಯಲ್ಲೇ ಕಲಿಯುವ ಹಕ್ಕನ್ನು 2012ರ ತಿದ್ದುಪಡಿ ಶಿಕ್ಷಣ ಹಕ್ಕು ಅಧಿನಿಯಮದಲ್ಲಿ ಸೇರಿಸಿತು. ಆ ಮನೆಗೆ ಹೋದ ಅಧ್ಯಾಪಿಕೆಗೆ ಬೇರೊಂದು ಇಕ್ಕಟ್ಟು ಎದುರಾಗುತ್ತದೆ. ತಾಯಿ ದಣಿದಿದ್ದಾಳೆ. ಬಾಗಿಲಲ್ಲಿ ಕಂಡ ಅಧ್ಯಾಪಿಕೆ ಆಕೆಗೆ ಅಧ್ಯಾಪಿಕೆಯಷ್ಟೇ ಅಲ್ಲ, ಎರಡು ಗಂಟೆಯ ಬಿಡುಗಡೆ.

“ಟೀಚರೇ, ಒಂದು ಹತ್ತು ನಿಮಿಷ ಕೂತಿರಿ. ರೇಷನ್ ಅಂಗಡಿಗೆ ಹೋಗಿ ಬಂದುಬಿಡ್ತೇನೆ. ಅವಳು ಒದ್ದೆ ಮಾಡಿಕೊಂಡ್ರೆ ಬಟ್ಟೆ ಅಲ್ಲೇ ಉಂಟು.”

ಇದಕ್ಕೆ ಹೂಂ ಎನ್ನುವುದು ಸುಲಭ. ಆದರೆ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಒಪ್ಪಂದವಿಲ್ಲದೆ, ತರಬೇತಿಯಿಲ್ಲದೆ ಮಗುವಿನ ಬಟ್ಟೆ ಬದಲಿಸುವುದು ಯಾರಿಗೂ ಹಿತವಲ್ಲ. ಉತ್ತರ ಮೆತ್ತಗಿರಬಹುದು, ಅಸ್ಪಷ್ಟವಾಗಿರಬಾರದು: “ಅಕ್ಕಾ, ನೀವು ಬರುವವರೆಗೆ ನಾನು ಅಜ್ಜಿಯ ಜೊತೆ ಕೂತು ಪಾಠ ಮಾಡ್ತೇನೆ. ಬಟ್ಟೆ ಬದಲಿಸುವುದಿದ್ದರೆ ಅಜ್ಜಿಯೇ ಮಾಡಲಿ. ಅಜ್ಜಿಯೂ ಇಲ್ಲದಿದ್ರೆ ನೀವು ಇರುವಾಗಲೇ ಪಾಠ ಮುಗಿಸುವ.” ಜೊತೆಗೆ ಆಕೆಯ ದಣಿವನ್ನು ಅಲ್ಲಿಗೇ ಬಿಟ್ಟುಬಿಡಬಾರದು. ಹತ್ತಿರದ ಬಡ್ಸ್ ಶಾಲೆ, ಆಶಾ ಕಾರ್ಯಕರ್ತೆ, ಪಂಚಾಯತಿನ ಪಾಲಿಯೇಟಿವ್ ಶುಶ್ರೂಷಕಿ ಇವರಿಗೆ ವಿಷಯ ಮುಟ್ಟಿಸುವುದು ಅಧ್ಯಾಪಿಕೆಯ ಎಲ್ಲೆಯ ಒಳಗೇ ಇದೆ.

ನೆರೆಮನೆಯ ಪಾಲನೆ ಇನ್ನಷ್ಟು ಸೂಕ್ಷ್ಮ. ನಾಲ್ಕೈದು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಹೆಂಗಸಿಗೆ ತಾಯಂದಿರು ಮುಲಾಮಿನ ಕೊಳವೆ, ಗುಳಿಗೆ, ಚೀಟಿ ಎಲ್ಲವನ್ನೂ ಕೈಗಿತ್ತು ಹೋಗುತ್ತಾರೆ. ಆಕೆ ಮಾಡಲಾರೆ ಎಂದರೆ ದೊಡ್ಡಸ್ತಿಕೆ ಎನ್ನುತ್ತಾರೆ. ಒರೆಸಿ ಶುಚಿಗೊಳಿಸುವುದು ಪಾಲನೆಯ ಭಾಗ. ಅಂಗದೊಳಗೆ ಏನನ್ನಾದರೂ ಇಡುವುದು, ಗಾಯಕ್ಕೆ ಕಟ್ಟು ಹಾಕುವುದು, ಮುಂದೊಗಲನ್ನು ಹಿಂದೆ ಸರಿಸುವುದು ಚಿಕಿತ್ಸೆಯ ಭಾಗ. ಎರಡನೆಯದಕ್ಕೆ ಇಲ್ಲವೆನ್ನಲು ಆಕೆಗೆ ಪೂರ್ಣ ಹಕ್ಕಿದೆ. ಗಂಡುಮಕ್ಕಳ ಮುಂದೊಗಲನ್ನು ಎಣ್ಣೆ ಹಚ್ಚಿ ಬಲವಂತವಾಗಿ ಸರಿಸುವ ರೂಢಿ ಕೆಲವೆಡೆ ಇದೆ. ಅದು ಬಹುಕಾಲದವರೆಗೆ ಸಹಜವಾಗಿಯೇ ಅಂಟಿಕೊಂಡಿರುತ್ತದೆ, ಎಳೆದರೆ ಹರಿದು ಗಾಯವಾಗುತ್ತದೆ. ಆ ಮನೆಯಲ್ಲಿ ಇನ್ನಾರು ಇರುತ್ತಾರೆ, ಆಕೆ ಅಡುಗೆಮನೆಯಲ್ಲಿರುವಾಗ ಬಟ್ಟೆ ಬದಲಿಸುವವರು ಯಾರು ಎಂದು ತಾಯಿ ಕೇಳಬೇಕು. ಪೋಷಕರ ಸಭೆಯಲ್ಲಿ ಈ ಮಾತನ್ನು ಎತ್ತಲು ಅಧ್ಯಾಪಕರಿಗಿಂತ ತಕ್ಕವರು ಊರಿನಲ್ಲಿ ಯಾರೂ ಇರಲಾರರು.

ಕಾನೂನು ಹೇಳುವುದು

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012, ಅಂದರೆ ಪೋಕ್ಸೋ, ಎಂದರೆ ಅಧ್ಯಾಪಕರಿಗೆ ಭಯ. ಮಗುವನ್ನು ಮುಟ್ಟಿದರೆ ಸಾಕು ಕೇಸು ಎಂಬ ಮಾತು ಸಿಬ್ಬಂದಿ ಕೊಠಡಿಗಳಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಲೈಂಗಿಕ ಉದ್ದೇಶದ ಸ್ಪರ್ಶವನ್ನೇ ಅಧಿನಿಯಮ ಅಪರಾಧವೆನ್ನುತ್ತದೆ. ತಂದೆ-ತಾಯಿ ಅಥವಾ ಪೋಷಕರ ಒಪ್ಪಿಗೆಯಿಂದ ನಡೆಯುವ ವೈದ್ಯಕೀಯ ತಪಾಸಣೆ ಮತ್ತು ಚಿಕಿತ್ಸೆಗೆ 41ನೆಯ ಸೆಕ್ಷನ್ ರಕ್ಷಣೆ ಕೊಡುತ್ತದೆ. ಒಪ್ಪಂದದ ಕಾಗದಕ್ಕೆ ಬೆಲೆ ಬರುವುದು ಇಲ್ಲಿ. ಅದೇ ಸಮಯದಲ್ಲಿ, ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಎಸಗಿದ ಅಪರಾಧವನ್ನೂ ಮಗುವಿನ ವಿಕಲತೆಯ ದುರ್ಲಾಭ ಪಡೆದ ಅಪರಾಧವನ್ನೂ ಅಧಿನಿಯಮ ಹೆಚ್ಚು ಗಂಭೀರವೆಂದು ಪರಿಗಣಿಸುತ್ತದೆ.

ಶುಶ್ರೂಷೆಯ ವೇಳೆ ಗಾಯ ಕಂಡರೆ, ಮಗು ಏನಾದರೂ ಹೇಳಿದರೆ, ತನಿಖೆ ಮಾಡುವುದು ಅಧ್ಯಾಪಕರ ಕೆಲಸವಲ್ಲ. ಅಪರಾಧ ನಡೆದಿದೆ ಎಂದು ತಿಳಿದವರು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕೆಂದು 19ನೆಯ ಸೆಕ್ಷನ್ ಹೇಳುತ್ತದೆ, ತಿಳಿಸದಿದ್ದರೆ ಶಿಕ್ಷೆಯಿದೆ. 1098ಕ್ಕೂ ಕರೆ ಮಾಡಬಹುದು. ಗಡಿನಾಡಿನ ಅಧ್ಯಾಪಕರು ನೆನಪಿಡಬೇಕಾದುದು ಅದೇ ಸೆಕ್ಷನ್ನಿನ ಇನ್ನೊಂದು ಅಂಶವನ್ನು: ಹೇಳಿಕೆಯನ್ನು ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ಭಾಷಾಂತರಕಾರರನ್ನು ಒದಗಿಸಬೇಕು. 38ನೆಯ ಸೆಕ್ಷನ್ ವಿಕಲತೆಯಿರುವ ಮಗುವಿನ ಸಾಕ್ಷ್ಯ ದಾಖಲಿಸುವಾಗ ವಿಶೇಷ ಶಿಕ್ಷಕರ ನೆರವು ಪಡೆಯಲು ಅವಕಾಶ ಕೊಡುತ್ತದೆ. ಇವನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದು ಕಡಿಮೆ. ಮಗು ತುಳುವಿನಲ್ಲಿ ಹೇಳಿದ್ದರೆ ಆ ಮಾತನ್ನು ತುಳುವಿನಲ್ಲೇ ಕನ್ನಡ ಲಿಪಿಯಲ್ಲಿ, ಹೇಳಿದ ಕ್ರಮದಲ್ಲೇ ಬರೆದಿಡಬೇಕು. ಶುದ್ಧ ಕನ್ನಡಕ್ಕೆ ತಿದ್ದಿದ ಮಾತು ಮಗುವಿನದಲ್ಲ ಎಂದು ಮುಂದೆ ಯಾರಾದರೂ ಹೇಳಬಹುದು, ಅವರು ಹೇಳುವುದು ನಿಜವೂ ಆಗಿರುತ್ತದೆ.

ಕ್ಲಸ್ಟರ್ ಸಭೆಯ ಚರ್ಚೆಗೆ

ಬುದ್ಧಿಮಾಂದ್ಯವಿರುವ ಆರನೆಯ ತರಗತಿಯ ಬಾಲಕಿಗೆ ಮುಟ್ಟು ಆರಂಭವಾಗಿದೆ. ಪ್ಯಾಡ್ ಬದಲಿಸಿಕೊಳ್ಳಲು ಅವಳಿಗೆ ಅರ್ಧ ಮಾತ್ರ ತಿಳಿದಿದೆ. ಆ ನಾಲ್ಕು ದಿನ ಅವಳನ್ನು ಶಾಲೆಗೆ ಕಳುಹಿಸಬೇಡಿ ಎಂದು ಹಿರಿಯ ಅಧ್ಯಾಪಕರು ತಾಯಿಗೆ ಸಲಹೆ ಮಾಡಿದ್ದಾರೆ. ಅಂದರೆ ತಿಂಗಳಿಗೆ ನಾಲ್ಕು ದಿನ, ವರ್ಷದಲ್ಲಿ ಒಂದು ತಿಂಗಳಿಗೂ ಹೆಚ್ಚು. ತಿಳಿದಿರುವ ಅರ್ಧವನ್ನು ಪೂರ್ಣಗೊಳಿಸಲು ಶಾಲೆ, ಮನೆ, ದಾದಿ ಇವರಲ್ಲಿ ಯಾರು ಏನನ್ನು ಮಾಡಬೇಕು? ಚಿತ್ರಪಟ್ಟಿಯೊಂದನ್ನು ತಯಾರಿಸುವುದಾದರೆ ಅದನ್ನು ಎಲ್ಲಿ ತೂಗುಹಾಕಬೇಕು? ಮುಖ್ಯೋಪಾಧ್ಯಾಯರು ಪುರುಷರಾಗಿರುವ, ಅಧ್ಯಾಪಿಕೆಯರು ಇಬ್ಬರೇ ಇರುವ ಶಾಲೆಯಲ್ಲಿ ತಾಯಿಯೊಡನೆ ಈ ಮಾತನ್ನು ಆರಂಭಿಸುವವರು ಯಾರು?

ಇನ್ನೊಂದು: ಜೂನ್ ತಿಂಗಳಲ್ಲಿ ವರ್ಗಾವಣೆಯಾಗಿ ಬಂದ ಅಧ್ಯಾಪಿಕೆಯ ಕೈಗೆ ಹಳೆಯ ಒಪ್ಪಂದದ ಕಾಗದ ಸಿಗುತ್ತದೆ. ಅದರಲ್ಲಿ ಮಗುವಿನ ವಯಸ್ಸು ಎಂಟು. ಮಗು ಈಗ ಹನ್ನೊಂದನ್ನು ದಾಟಿದೆ. ಕಾಗದದ ಯಾವ ಸಾಲುಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು, ಯಾವುದನ್ನು ಮಗುವನ್ನೇ ಕೇಳಿ ಮತ್ತೆ ಬರೆಯಬೇಕು?